ನಿಮ್ಮಲ್ಲಿ ಎಷ್ಟು ಇಂಚು ಮಳೆ?

ಪ್ರಶ್ನೆ: ನಮ್ಮ ಊರಿನಲ್ಲಿ ಬಸ್ ನಿಲ್ಲುವ ಜಾಗದ ಪಕ್ಕ 15 ಸೆಂಟು (ಎಕರೆಗೆ 100 ಸೆಂಟು) ಸರ್ಕಾರಿ ಜಾಗ ಖಾಲಿ ಬಿದ್ದಿದೆ. ಹಿಂದೆ ಬರೆ (ಕಡಿದಾದ ಮಣ್ಣಿನ ದಿಬ್ಬ), ಮುಂದೆ ರಸ್ತೆ. ಅಲ್ಲಿ ಪಾರ್ಕ್ ಮಾಡುತ್ತಾರಂತೆ. ಬರೆ ಸ್ವಲ್ಪ ಕಡಿದು ಜಾಗ ಅಗಲ ಮಾಡುವುದು, ಪೂರ್ತಿ ಇಂಟರ್‌ಲಾಕ್, ನಡುವೆ ಕಾರಂಜಿ, ಅಂಚಿಗೆ ಹುಲ್ಲುಹಾಸು ಎಂದು ಪ್ಲಾನ್ ಬಂದಿದೆ. ನಮಗೆ ಕೆಲವರಿಗೆ ಯಾಕೋ ಸರಿ ಕಾಣುತ್ತಿಲ್ಲ. ಬೇರೆ ಏನು ಮಾಡಬಹುದು ಮೇಡಂ?
– ಓದುಗರು, ಸೋಮವಾರಪೇಟೆ ತಾಲ್ಲೂಕು

ನಿಮ್ಮ ಪತ್ರದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಜೋರು ಮಳೆ ಬಂದಾಗ ಆ ಜಾಗಕ್ಕೆ ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ನಾನು ಯಾವ ಕೆಲಸವನ್ನೂ ಶುರು ಮಾಡುವುದು ಅಲ್ಲಿಂದಲೇ.

ನಮ್ಮ ಅಜ್ಜನ ಮನೆಯ ಅಂಗಳದಲ್ಲಿ ಒಂದು ಮಳೆಮಾಪಕ ಇತ್ತು. ಬೆಳಿಗ್ಗೆ ಎದ್ದವರೇ ಅದನ್ನು ಅಳೆದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆಮೇಲೆ ಪಕ್ಕದ ತೋಟದವರಿಗೆ ಫೋನು, "ನಿಮ್ಮಲ್ಲಿ ಎಷ್ಟು ಇಂಚು?" ಕೊಡಗಿನಲ್ಲಿ ಇವತ್ತಿಗೂ ಮಳೆಯ ಮಾತು ಇಂಚಿನಲ್ಲೇ ಅಲ್ವಾ. ಅದೇ ಲೆಕ್ಕವನ್ನು ನಿಮ್ಮ ಪಾರ್ಕಿಗೂ ಹಾಕಿ. ಒಂದು ಎಕರೆಗೆ 1 ಇಂಚು ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರ್ ನೀರು. ನಿಮ್ಮ 15 ಸೆಂಟಿಗೆ 15,000 ಲೀಟರ್. ಕಕ್ಕಡದಲ್ಲಿ (ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳು) ಒಂದೇ ದಿನ 4 ಇಂಚು ಹೊಡೆದರೆ 60,000 ಲೀಟರ್. ಅಂದರೆ 5,000 ಲೀಟರಿನ 12 ಟ್ಯಾಂಕರ್ ತಂದು ಸುರಿದ ಹಾಗೆ. ಬರೆಯಿಂದ ಇಳಿದು ಬರುವ ನೀರು ಇದರಲ್ಲಿ ಸೇರಿಲ್ಲ. ಪೂರ್ತಿ ಇಂಟರ್‌ಲಾಕ್ ಹಾಕಿ ಸಂದಿಗೆ ಸಿಮೆಂಟ್ ತುಂಬಿದರೆ ಅಷ್ಟೂ ನೀರು ರಸ್ತೆಗೆ, ರಸ್ತೆಯಿಂದ ಕೆಳಗಿನ ಮನೆಯವರ ಅಂಗಳಕ್ಕೆ.

ಎಲ್ಲಕ್ಕಿಂತ ಮೊದಲು, ದಯವಿಟ್ಟು ಬರೆ ಕಡಿಯಲು ಬಿಡಬೇಡಿ. ಸುಮಾರು 14 ವರ್ಷದ ಹಿಂದೆ ನಾನೇ ಈ ತಪ್ಪು ಮಾಡಿದ್ದೇನೆ. ಮಡಿಕೇರಿ ಕಡೆ ಒಂದು ಸಾರ್ವಜನಿಕ ಜಾಗ. ನಾಲ್ಕು ಬೆಂಚು ಜಾಸ್ತಿ ಹಿಡಿಯಲಿ ಎಂದು ಬರೆಯನ್ನು ನೇರ ಕಡಿಸಿ ಕಾಂಕ್ರೀಟ್ ಗೋಡೆ ನಿಲ್ಲಿಸಿದೆ. ಗೋಡೆಯ ಹಿಂದೆ ನಿಂತ ನೀರು ಹೊರಗೆ ಬರಲು ಅಲ್ಲಲ್ಲಿ ಪೈಪ್ ಇಡಬೇಕಿತ್ತು. ಕೆಲಸ ಮಾಡಿಸಿದವರು, ಗೋಡೆ ತುಂಬ ಕೆಸರಿನ ಗೆರೆ ಬೀಳುತ್ತದೆ, ಬೇಡ ಎಂದರು. ನಾನೂ ಒಪ್ಪಿಬಿಟ್ಟೆ. ಎರಡನೇ ಮಳೆಗಾಲಕ್ಕೆ ಗೋಡೆ ಹೊಟ್ಟೆ ಬಿಟ್ಟಿತು. ಆಶ್ಲೇಷ ಮಳೆಯಲ್ಲಿ ಒಂದು ರಾತ್ರಿ ಬೆಂಚುಗಳ ಮೇಲೆ ಮಲಗಿತು. ಹಗಲಾಗಿದ್ದರೆ ಅಲ್ಲಿ ಜನ ಕೂತಿರುತ್ತಿದ್ದರು. ಇವತ್ತಿಗೂ ಅದನ್ನು ನೆನೆದರೆ ಕೈ ತಣ್ಣಗಾಗುತ್ತದೆ.

ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟ್ ನಾವು ಯಾರೂ ಮರೆಯುವ ಹಾಗಿಲ್ಲ. ಆಮೇಲೆ ಇಲ್ಲಿಗೆ ಬಂದು ನೋಡಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯೂ ರಸ್ತೆಗೆ, ಮನೆಗೆ ಎಂದು ಇಳಿಜಾರನ್ನು ಕಡಿದದ್ದನ್ನು ದೊಡ್ಡ ಕಾರಣವಾಗಿ ಹೇಳಿತು. ನಾಲ್ಕು ಅಡಿ ಅಗಲಕ್ಕಾಗಿ ಯಾಕೆ ಬರೆಯ ಬುಡ ಸಡಿಲ ಮಾಡಬೇಕು?

ಬರೆಯ ನೆತ್ತಿಯ ಮೇಲೆ ಒಂದು ಚರಂಡಿ ಮಾಡಿ. ಮೇಲಿನ ನೀರು ಬರೆಗೆ ಇಳಿಯದೆ ಪಕ್ಕಕ್ಕೆ ಹೋಗಬೇಕು. ಬುಡದಲ್ಲಿ ಇನ್ನೊಂದು, ಅದು ನೇರ ಮೋರಿಗೆ. ಬರೆಗೆ ಲಾವಂಚ ಸಾಲು ಸಾಲಾಗಿ ಅಡ್ಡಕ್ಕೆ ನೆಡಿ. ಅದರ ಬೇರು ನೇರ ಕೆಳಗೆ 10 ಅಡಿವರೆಗೂ ಇಳಿಯುತ್ತದೆ. ಬುಡಕ್ಕೆ ಮೊಣಕಾಲೆತ್ತರ ಕಲ್ಲುಕಟ್ಟೆ ಸಾಕು. ಸಿಮೆಂಟ್ ಹಾಕಬೇಡಿ, ಕಲ್ಲನ್ನು ಸುಮ್ನೆ ಜೋಡಿಸಿ, ನೀರು ಸಂದಿಯಿಂದ ಹೊರಬರಲಿ. ಐನ್‌ಮನೆಗಳಿಗೆ (ಕೊಡವ ಕುಟುಂಬಗಳ ಮೂಲಮನೆ) ಹೋಗುವ ಓಣಿಯ ಹಳೇ ಕಲ್ಲುಗೋಡೆ ನೋಡಿದ್ದೀರಲ್ಲ, ಹಾಗೆ. ಜನ ಅದರ ಮೇಲೇ ಕೂರುತ್ತಾರೆ, ಬೆಂಚಿನ ಖರ್ಚೂ ಉಳಿಯುತ್ತದೆ.

ನೀರು ಇಂಗಿಸುವ ಕೆಲಸ ರಸ್ತೆ ಕಡೆಯ ಸಮತಟ್ಟು ಜಾಗದಲ್ಲಿ. ತೋಟದಲ್ಲಿ ತೊಟ್ಟಿಲು ಗುಂಡಿ ತೆಗೆಯುತ್ತೇವಲ್ಲ, ಅದನ್ನೇ ಸ್ವಲ್ಪ ಅಗಲ ಮಾಡಿ. 20 ಅಡಿ ಉದ್ದ, 6 ಅಡಿ ಅಗಲ, 1 ಅಡಿ ತಗ್ಗು. ಒಂದು ಸಲಕ್ಕೆ 3,400 ಲೀಟರ್ ಹಿಡಿಯುತ್ತದೆ. ಅಂಥವು ಎರಡು ಇರಲಿ. ಆಳ ಒಂದೇ ಅಡಿ ಆದ್ದರಿಂದ ಮಕ್ಕಳು ಓಡಾಡಿದರೂ ಭಯವಿಲ್ಲ. ಒಳಗೆ ಲಾವಂಚ, ಕಾಬಾಳೆ ನೆಡಿ. ತುಂಬಿ ಹೆಚ್ಚಾದ ನೀರಿಗೆ ಮೋರಿಯ ದಾರಿ ಇಟ್ಟಿರಲೇಬೇಕು.

ಇಂಟರ್‌ಲಾಕ್ ಪೂರ್ತಿ ಬೇಡ ಎನ್ನುವುದಿಲ್ಲ. ಬಸ್ ಇಳಿದ ವಯಸ್ಸಾದವರು, ಗಾಲಿಕುರ್ಚಿಯವರು ಎಡವದೆ ಕೂರುವ ಜಾಗಕ್ಕೆ ಬರಬೇಕು. ಅಷ್ಟಕ್ಕೆ 5 ಅಡಿಯ ಒಂದು ದಾರಿ, ಮರಳಿನ ಮೇಲೆ ಕೂರಿಸಿ. ಅದರ ಮೇಲೆ ಮರದ ನೆರಳು ಬೀಳದಿರಲಿ. ನೆರಳಿದ್ದರೆ ಜುಲೈ ಹೊತ್ತಿಗೆ ಪಾಚಿ ಕಟ್ಟಿ ಜಾರುತ್ತದೆ. ಉಳಿದದ್ದು ಮಣ್ಣು, ಗರಿಕೆ. ಊರ ಮಂದ್‌ಗೆ, ಅಂದರೆ ಹಬ್ಬಕ್ಕೆ ಊರವರು ಸೇರುವ ಬಯಲಿಗೆ, ಯಾರು ಟೈಲ್ಸ್ ಹಾಕಿದ್ದಾರೆ ಹೇಳಿ? ಸುಗ್ಗಿ ಹಬ್ಬ ಪುತ್ತರಿಯ ಕೋಲಾಟ ನಡೆಯುವುದು ಆ ಹುಲ್ಲಿನ ಮೇಲೇ.

ಕಾರಂಜಿ ಖಂಡಿತ ಬೇಡ. ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುತ್ತಾ ಕುಡಿಯುವ ನೀರಿಗೇ ಪರದಾಡುವ ಊರುಗಳಿವೆ.

ಪ್ರಶ್ನೆ: ಬೇಗ ನೆರಳು ಬೇಕು. ಶಾಲೆ ಎದುರಿನ ಮೈದಾನಕ್ಕೆ ಸಿಲ್ವರ್ ಓಕ್ ನೆಡಬಹುದಾ?
– ಓದುಗರು, ಗೋಣಿಕೊಪ್ಪ

ಬೇಡ. ಆಸ್ಟ್ರೇಲಿಯಾ ಮೂಲದ ಆ ಮರ ಮೆಣಸಿನ ಬಳ್ಳಿ ಹಬ್ಬಿಸಲು ಸರಿ, ಮಕ್ಕಳ ತಲೆಯ ಮೇಲಲ್ಲ. ಗಾಳಿಗೆ ಕೊಂಬೆ ಮುರಿದು ಬೀಳುತ್ತದೆ. ಹೊಂಗೆ, ಸಂಪಿಗೆ, ನಂದಿ ನೆಡಿ. ನೇರಳೆಯನ್ನು ಬೇಲಿ ಅಂಚಿಗೆ ಹಾಕಿ, ಹಣ್ಣಿಗೆ ಮಕ್ಕಳು ಅಲ್ಲಿಗೇ ಹೋಗುತ್ತಾರೆ.

ಪ್ರಶ್ನೆ: ಮಗ ಮೈಸೂರಿನಲ್ಲಿ ಆರ್ಕಿಟೆಕ್ಚರ್ ಓದುತ್ತಿದ್ದಾನೆ. ಚೀನಾದ "ಸ್ಪಾಂಜ್ ಸಿಟಿ" ಮಾದರಿ ಮಡಿಕೇರಿಗೂ ಆಗುತ್ತದೆ ಎನ್ನುತ್ತಾನೆ. ನಿಮಗೆ ಏನನ್ನಿಸುತ್ತದೆ?
– ಓದುಗರು, ಮಡಿಕೇರಿ

ಚೀನಾ 2015ರಲ್ಲಿ 16 ನಗರಗಳಲ್ಲಿ ಇದನ್ನು ಪ್ರಯೋಗಕ್ಕೆ ತೆಗೆದುಕೊಂಡಿತು. ಬಿದ್ದ ಮಳೆಯನ್ನು ಕೊಳವೆಗೆ ತಳ್ಳದೆ ಪಾರ್ಕು, ಕೆರೆ, ತಗ್ಗುಗಳಲ್ಲಿ ನಿಲ್ಲಿಸಿ ನೆಲ ಹೀರುವಂತೆ ಮಾಡುವುದು. ನಿಮ್ಮ ಮಗ ಒಳ್ಳೆಯದನ್ನೇ ಹಿಡಿದಿದ್ದಾನೆ. ಆದರೆ ಮಡಿಕೇರಿ ಗುಡ್ಡದ ಮೇಲಿನ ಊರು. ಕಡಿದಾದ ಇಳಿಜಾರಿನಲ್ಲಿ ನೀರು ಇಂಗಿಸಿದರೆ ಮಣ್ಣು ಭಾರವಾಗಿ ಜರಿಯುತ್ತದೆ. ಇಲ್ಲಿ ಇಳಿಜಾರಿನ ನೀರನ್ನು ಜೋಪಾನವಾಗಿ ಕೆಳಗೆ ಇಳಿಸಬೇಕು, ತಗ್ಗಿನ ಗದ್ದೆ ಬಯಲಿನಲ್ಲಿ ನಿಲ್ಲಿಸಬೇಕು. ಮೊದಲು ಆ ಗದ್ದೆಗಳಿಗೆ ಮಣ್ಣು ತುಂಬಿಸಿ ಸೈಟು ಮಾಡುವುದು ನಿಲ್ಲಬೇಕು. ರಜೆಗೆ ಬಂದಾಗ ಒಂದು ಕೆಲಸ ಹೇಳಿ. ಆರಿದ್ರಾ ಮಳೆಯಲ್ಲಿ ಕೊಡೆ ಹಿಡಿದು ಊರ ನೆತ್ತಿಯಿಂದ ಕೆಳಗಿನ ತೋಡಿನವರೆಗೆ ನೀರಿನ ಜೊತೆ ನಡೆದು, ಎಲ್ಲೆಲ್ಲಿ ಅದರ ದಾರಿ ಮುಚ್ಚಿದೆ ಎಂದು ಒಂದು ನಕ್ಷೆ ಬರೆಯಲಿ. ಬರೆದರೆ ನನಗೂ ಕಳಿಸಿ, ಖಂಡಿತ ನೋಡುತ್ತೇನೆ.