ಲೀಫಿ ಸೀಡ್ರ್ಯಾಗನ್: ಆ ಎಲೆಗಳು ಈಜೋದಕ್ಕಲ್ಲ

ಕಡಲಕುದುರೆಯ ಸಂಬಂಧಿಯಾದ ಲೀಫಿ ಸೀಡ್ರ್ಯಾಗನ್ ಅನ್ನುವ ಮೀನು ಮೈಮೇಲಿನ ಎಲೆಯಂಥ ಅಂಗಗಳನ್ನು ಬಡಿದೇ ಈಜುತ್ತದಾ, ಮನೆಯ ಟ್ಯಾಂಕಿನಲ್ಲಿ ಸಾಕಬಹುದಾ ಅಂತ ಕೇಳಿದ್ದೀರಿ. ಎರಡಕ್ಕೂ ಇಲ್ಲ ಅಂತಲೇ ಹೇಳಬೇಕು.

ಆ ಎಲೆಗಳು ಬರೀ ವೇಷ. ಈಜುವ ರೆಕ್ಕೆಗಳೇ ಬೇರೆ: ಕತ್ತಿನ ಪಕ್ಕ ಒಂದು ಜೋಡಿ, ಬೆನ್ನಿನ ಮೇಲೆ ಬಾಲದ ಕಡೆಗೆ ಒಂದು. ಹೆಚ್ಚುಕಮ್ಮಿ ಪಾರದರ್ಶಕ, ಸಣ್ಣಗೆ ನಡುಗುತ್ತಲೇ ಇರುತ್ತವೆ. ವಿಡಿಯೋ ಇದ್ದರೆ ನಿಲ್ಲಿಸಿ ನಿಲ್ಲಿಸಿ ನೋಡಿ, ಆಗ ಕಾಣುತ್ತವೆ. ಇಲ್ಲದಿದ್ದರೆ ಕಿತ್ತುಬಂದ ಪಾಚಿಯೊಂದು ಸುಮ್ನೆ ತೇಲಿದ ಹಾಗಿರುತ್ತದೆ, ಅಲ್ವಾ?

ಇದು ಇರೋದು ಆಸ್ಟ್ರೇಲಿಯಾದ ದಕ್ಷಿಣ ಮತ್ತು ಪಶ್ಚಿಮ ಕರಾವಳಿಯಲ್ಲಿ ಮಾತ್ರ. ಕೆಲ್ಪ್ ಅನ್ನುವ ದೊಡ್ಡ ಕಡಲಪಾಚಿ ಬೆಳೆದ ಬಂಡೆಗಳು, ಸಮುದ್ರಹುಲ್ಲಿನ ಅಂಚು ಇದರ ಜಾಗ. ಉದ್ದ ಸುಮಾರು 35 ಸೆಂ.ಮೀ. ತನಕ. ಹಲ್ಲಿಲ್ಲ, ಜಠರವೂ ಇಲ್ಲ! ಕೊಳವೆಯಂಥ ಮೂತಿಯಿಂದ ಮೈಸಿಡ್ ಅನ್ನುವ ಪುಟಾಣಿ ಸಿಗಡಿಗಳನ್ನು ಮತ್ತೆ ಮತ್ತೆ ಹೀರುತ್ತಿರಬೇಕು. ದೊಡ್ಡ ಅಕ್ವೇರಿಯಂಗಳಿಗೇ ಇದನ್ನು ಸಾಕೋದು ಕಷ್ಟ. ಪರವಾನಗಿ ಇಲ್ಲದೆ ಹಿಡಿಯುವಂತೆಯೂ ಇಲ್ಲ.

ನೀವು ಕೇಳಲಿಲ್ಲ, ಆದರೂ ಹೇಳಿಬಿಡ್ತೇನೆ. ಹೆಣ್ಣು ಸುಮಾರು 250 ಗುಲಾಬಿ ಬಣ್ಣದ ಮೊಟ್ಟೆಗಳನ್ನು ಗಂಡಿನ ಬಾಲದ ಅಡಿಗೆ ಅಂಟಿಸಿಬಿಡುತ್ತದೆ. ಮರಿ ಆಗುವ ತನಕ ಹೊತ್ತು ತಿರುಗೋದು ಅಪ್ಪನೇ. ಮೊಟ್ಟೆ ಇಟ್ಟುಕೊಳ್ಳೋಕೆ ಗಂಡು ಕಡಲಕುದುರೆಗಿರುವ ಚೀಲವೂ ಇದಕ್ಕಿಲ್ಲ.