ಬ್ರೈನ್ ಟ್ಯಾಂಕಲ್ಲಿ ಗ್ಯಾಸ್ ವಾಸನೆ, ಮಳೆಗಾಲದ ತನಕ ಕಾಯ್ಬಹುದಾ?

ಪ್ರಶ್ನೆ: ಸರ್, ನಾನು ಬಂದರಿನ ಹತ್ರ ಒಂದು ಐಸ್ ಪ್ಲಾಂಟಲ್ಲಿ ಆಪರೇಟರ್. ಹದಿನೈದು ದಿನದಿಂದ ಬ್ರೈನ್ (ಐಸ್ ಕ್ಯಾನ್ ಮುಳುಗಿಸಿಡುವ ತಣ್ಣಗಿನ ಉಪ್ಪುನೀರು) ಟ್ಯಾಂಕಿನ ಮರದ ಮುಚ್ಚಳ ಎತ್ತಿದ್ರೆ ಸಣ್ಣಗೆ ಅಮೋನಿಯಾ ವಾಸನೆ ಉಂಟು. ಜೂನ್ 1ಕ್ಕೆ ಮೀನಿನ ಬೋಟ್ ಬಂದ್ ಆಗ್ತದಲ್ಲ, ಆಗ ಕಾಯಿಲ್ (ಬ್ರೈನ್ ತಂಪು ಮಾಡ್ಲಿಕ್ಕೆ ಅಮೋನಿಯಾ ಓಡುವ ಪೈಪು) ನೋಡುವ, ಅಲ್ಲಿ ತನಕ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿ ಕ್ಯಾನ್ ಎತ್ತಿ ಅಂತಾರೆ ಧನಿಗಳು. ಕಾಯ್ಬಹುದಾ?
(ಓದುಗರು, ಉಡುಪಿ ಜಿಲ್ಲೆ)

ಉತ್ತರ: ಕಾಯ್ಬೇಡಿ. ನಿಮ್ಮ ಪತ್ರ ಓದಿ ನಿಜಕ್ಕೂ ಭಯ ಆಯ್ತು. ವಾಸನೆ ಸಣ್ಣದು ಅಂದ ಮಾತ್ರಕ್ಕೆ ಲೀಕ್ ಸಣ್ಣದು ಅಂತಲ್ಲ, ನೀರು ತನ್ನ ಗಾತ್ರದ ನೂರಾರು ಪಟ್ಟು ಅಮೋನಿಯಾ ಗ್ಯಾಸನ್ನ ಕರಗಿಸ್ಕೊಳ್ಳತ್ತೆ, ಬ್ರೈನೂ ಅಷ್ಟಲ್ಲದಿದ್ರೂ ಬೇಕಾದಷ್ಟು ಕುಡಿಯತ್ತೆ, ನಿಮ್ಮ ಮೂಗಿಗೆ ಬರ್ತಿರೋದು ಅದು ಕುಡಿದು ಮಿಕ್ಕಿದ್ದು ಮಾತ್ರ. ಸಾಲದ್ದಕ್ಕೆ ದಿನಾ ಅಲ್ಲೇ ಇರೋರ ಮೂಗು ಒಗ್ಗಿಹೋಗಿರತ್ತೆ. ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದವನ್ನ ಟ್ಯಾಂಕಿನ ಮೇಲೆ ಹಿಡೀರಿ, ನೀಲಿ ಆದ್ರೆ ಅಮೋನಿಯಾ ಬರ್ತಿದೆ ಅಂತಲೇ ಅರ್ಥ. ಬ್ರೈನ್ ಸ್ಯಾಂಪಲ್ ಲ್ಯಾಬಿಗೂ ಕೊಡಿ, ಕಾಯಿಲೇ ತೂತಾಗಿದ್ಯಾ ಅಂತ ಅಲ್ಲಿ ಗೊತ್ತಾಗತ್ತೆ.

ಇನ್ನು ಜೂನ್ ವಿಚಾರ. ಪ್ಲಾಂಟ್ ಓಡ್ತಿರುವಾಗ ಕಾಯಿಲ್ ಒಳಗೆ ಮೈನಸ್ 15 ಡಿಗ್ರಿ ಇದ್ರೆ ಪ್ರೆಶರ್ ಸುಮಾರು 20 ಪಿಎಸ್‌ಐ ಅಷ್ಟೇ. ಗ್ಯಾಸ್ ತೆಗೀದೆ ಮಷಿನ್ ಬಂದ್ ಮಾಡಿ ಬಿಟ್ರೋ, ಬ್ರೈನ್ ಬಿಸಿಯಾಗ್ತಾ 30 ಡಿಗ್ರಿಗೆ ಬಂದಾಗ ಅದೇ ಕಾಯಿಲಲ್ಲಿ 150 ದಾಟತ್ತೆ. ಅಂದ್ರೆ ಎಲ್ರೂ ರಜೆಯಲ್ಲಿರೋವಾಗ ಅದೇ ತೂತಿಂದ ಇನ್ನೂ ಜೋರಾಗಿ ಬರತ್ತೆ.

ಕೆನಡಾದ ಫರ್ನಿ ಊರಿನ ಐಸ್ ಸ್ಕೇಟಿಂಗ್ ಅಂಗಳದಲ್ಲಿ 2017ರ ಅಕ್ಟೋಬರ್ 17ಕ್ಕೆ ಮೂರು ಜನ ಸತ್ರು. ಬ್ರೈನ್ ತಂಪು ಮಾಡೋ ಚಿಲ್ಲರ್‌ನ ಟ್ಯೂಬಲ್ಲಿ ಸಣ್ಣ ತೂತು, ಲೀಕ್ ಇರೋದು ತಿಂಗಳುಗಳ ಹಿಂದೆಯೇ ಗೊತ್ತಿತ್ತು, ಆದ್ರೂ ಸೀಸನ್ನಿಗೆ ಅಂತ ಮತ್ತೆ ಚಾಲೂ ಮಾಡಿದ್ರು. ಅಲ್ಲಿದ್ದದ್ದು ಮುಚ್ಚಿದ ಪೈಪು, ನಿಮ್ಮದು ತೆರೆದ ಟ್ಯಾಂಕು, ಸ್ಫೋಟದ ಥರ ಒಂದೇ ಸಲ ಬರದೇ ಇರಬಹುದು, ಆದ್ರೆ ತೂತು ತಾನಾಗಿ ಮುಚ್ಚಿಕೊಳ್ಳೋದು ಎಲ್ಲೂ ಇಲ್ಲ.

ಅನುಭವ ಇರೋ ಅಮೋನಿಯಾ ಮೆಕ್ಯಾನಿಕ್ ಕರೆಸಿ, ಲಿಕ್ವಿಡ್ ಲೈನ್ (ಕಾಯಿಲಿಗೆ ಅಮೋನಿಯಾ ಹೋಗೋ ಪೈಪು) ವಾಲ್ವ್ ಮುಚ್ಚಿ ಕಾಯಿಲಿನ ಗ್ಯಾಸನ್ನೆಲ್ಲ ರಿಸೀವರ್‌ಗೆ, ಅಂದ್ರೆ ಅಮೋನಿಯಾ ಕೂಡಿಡೋ ಟ್ಯಾಂಕಿಗೆ, ಎಳೆದು ಪಂಪ್ ಡೌನ್ ಮಾಡಿಸಿ. ಉಳಿದ ಗ್ಯಾಸು, ಆಯಿಲು ಪೂರ್ತಿ ಹೋಗೋ ತನಕ ವೆಲ್ಡಿಂಗ್ ಬೇಡವೇ ಬೇಡ, ಗಾಳಿಯಲ್ಲಿ ನೂರಕ್ಕೆ 15ರಿಂದ 28 ಭಾಗ ಅಮೋನಿಯಾ ಇದ್ರೆ ಬೆಂಕಿ ಹತ್ತತ್ತೆ. ಪ್ಯಾಚ್ ಆದ್ಮೇಲೆ ಟೆಸ್ಟ್ ಮಾಡೋಕೆ ಒಣ ನೈಟ್ರೋಜನ್, ಆಕ್ಸಿಜನ್ ಸಿಲಿಂಡರ್ ಹತ್ರಾನೂ ತರಬೇಡಿ.

ಒದ್ದೆ ಬಟ್ಟೆ ಓಡಿ ಹೊರಗೆ ಬರೋಕೆ ಸ್ವಲ್ಪ ಆಸರೆ, ಕಟ್ಕೊಂಡು ಕೆಲಸ ಮಾಡೋಕಲ್ಲ, ಅದು ಕಣ್ಣನ್ನಂತೂ ಕಾಪಾಡಲ್ಲ. ಅಮೋನಿಯಾ ಕ್ಯಾನಿಸ್ಟರ್ ಇರೋ ಪೂರ್ತಿ ಮುಖ ಮುಚ್ಚೋ ಮಾಸ್ಕನ್ನ ಮಷಿನ್ ರೂಮಿನ ಹೊರಗಡೆ ನೇತುಹಾಕಿ, ಒಳಗಿಟ್ರೆ ಬೇಕಾದಾಗ ಸಿಗಲ್ಲ. ಅದೂ ಸಣ್ಣ ಲೀಕಿಗೆ ಮಾತ್ರ. ಬಿಳಿ ಹೊಗೆ ಥರ ಕಂಡ್ರೆ ಗಾಳಿಗೆ ಅಡ್ಡಡ್ಡ ಓಡಿ, ಫೈರ್ ಸರ್ವಿಸಿಗೆ ಫೋನ್ ಮಾಡಿ, ಗಾಳಿ ಸಿಲಿಂಡರ್ ಹೊತ್ಕೊಂಡವರು ಬರೋ ತನಕ ಯಾರನ್ನೂ ಒಳಗೆ ಬಿಡಬೇಡಿ.