ತಲಬಾಗಿಲನ್ನು ಕೆರೆಸಬೇಡಿ

ಪ್ರಶ್ನೆ: ಹಳೇ ಬಾಗಲಕೋಟೆಯ ಮನೆ ಮುಳುಗಡೆಗೆ ಹೋದಾಗ ಅಜ್ಜ ಅದರ ತಲಬಾಗಿಲನ್ನು ನವನಗರಕ್ಕೆ ತಂದಿದ್ದರು. ಈ ದೀಪಾವಳಿಗೆ ಹಳೇ ಬಣ್ಣ ಕೆರೆಸಿ ಪಾಲಿಶ್ ಮಾಡಿಸಬೇಕು. ಮನೆಯಲ್ಲಿ ಎರಡು ವರ್ಷದ ಮಗು ಇದೆ, ಹೆಂಡತಿ ಬಸುರಿ. ಬೆಲ್ಲ ತಿಂದರೆ ದೂಳು ಏನೂ ಮಾಡಲ್ಲ ಅಂತಾರೆ ಬಣ್ಣದವರು. ಹೌದಾ?

ಉತ್ತರ: ಅಲ್ಲ. ಬೆಲ್ಲದ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಮುಧೋಳದ ಬೆಲ್ಲವನ್ನು ಹೋಳಿಗೆಗೆ ಹಾಕಿ. ಹಳೇ ಬಣ್ಣದ ದೂಳಿನಲ್ಲಿ ಸೀಸ (ಲೆಡ್) ಎಂಬ ವಿಷಲೋಹ ಇರಬಹುದು. ಮೈಗೆ ಸೇರಿದ ಸೀಸ ಬೆಲ್ಲದಿಂದ ಹೊರಗೆ ಬರುವುದಿಲ್ಲ. ಸೀಸ ಎಲುಬಿನಲ್ಲಿ ಹತ್ತಾರು ವರ್ಷ ಕೂತಿರುತ್ತದೆ, ಬಸುರಿನಲ್ಲಿ ಅಲ್ಲಿಂದ ಕೂಸಿಗೂ ಇಳಿಯುತ್ತದೆ.

ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ನಿಮ್ಮ ಬಾಗಿಲು ಅದಕ್ಕಿಂತ ಎಷ್ಟೋ ಹಳೆಯದು. ಬಣ್ಣ ಎದ್ದ ಜಾಗದಲ್ಲಿ ನೋಡಿ: ಮೇಲೆ ಕಂದು, ಕೆಳಗೆ ಹಸಿರು, ಅದರ ಕೆಳಗೆ ಹಳದಿ ಇರಬಹುದು. ಹಳೇ ಹಳದಿ, ಹಸಿರು ಆಯಿಲ್ ಪೇಂಟ್‌ಗಳ ಮೇಲೆ ನನಗೆ ಜಾಸ್ತಿ ಅನುಮಾನ. ಮಗು ಕೂತು ಆಡುವುದು ಎಲ್ಲಿ? ಅದೇ ಹೊಸ್ತಿಲ ಮೇಲೆ, ಅಲ್ವಾ? ಉದುರಿದ ಚೂರು ಕೈಗೆ, ಕೈ ಬಾಯಿಗೆ. ದೊಡ್ಡವರಿಗಿಂತ ಚಿಕ್ಕ ಮಕ್ಕಳ ಮೈ ನಾಲ್ಕೈದು ಪಟ್ಟು ಹೆಚ್ಚು ಸೀಸ ಹೀರುತ್ತದೆ.

ಬಣ್ಣ ಗಟ್ಟಿಯಾಗಿದ್ದರೆ ಕೆರೆಯಲೇಬೇಡಿ. ಮೇಲೆ ಹೊಸ ಬಣ್ಣ ಹೊಡೆಸಿ. ಬಾಗಿಲು ಚೌಕಟ್ಟಿಗೆ ಉಜ್ಜುತ್ತಿದ್ದರೆ ಬಡಿಗೇರರನ್ನು ಕರೆದು ಸರಿಮಾಡಿಸಿ. ಅಲ್ಲಿಂದಲೇ ದಿನಾ ಪುಡಿ ಬೀಳುವುದು. ಕೆರೆಯಲೇಬೇಕು ಅಂದರೆ ಬಾಗಿಲು ಕಳಚಿ ಊರ ಹೊರಗಿನ ಬಡಿಗೇರರ ಶೆಡ್ಡಿಗೆ ಕಳಿಸಿ. ನೀರು ಸಿಂಪಡಿಸಿ ಒದ್ದೆಯಲ್ಲೇ ಕೆರೆಯಲಿ, ಕೆಳಗೆ ತಾಡಪತ್ರಿ ಹಾಸಲಿ. ಒಣ ಪಾಲಿಶ್ ಪೇಪರ್, ಗ್ರೈಂಡರ್, ಬ್ಲೋ ಲ್ಯಾಂಪ್ ಯಾವುದೂ ಬೇಡ. ಮೂಗಿಗೆ ಟವೆಲ್ ಕಟ್ಟಿದರೆ ಆಗಲ್ಲ, ಎನ್-95 ಬೇಕು. ಮನೆಯೊಳಗೆ ಪುಡಿ ಬಿದ್ದಿದ್ದರೆ ಕಸಬರಿಗೆ ಮುಟ್ಟಬೇಡಿ, ಹಸಿ ಬಟ್ಟೆಯಿಂದ ಒರೆಸಿ. ಈಗಾಗಲೇ ಕೆರೆಸಿ ಆಗಿದ್ದರೆ ಮಗು, ತಾಯಿ ಇಬ್ಬರ ರಕ್ತದಲ್ಲೂ ಸೀಸ ಎಷ್ಟಿದೆ ಎಂದು ಪರೀಕ್ಷೆ ಮಾಡಿಸಿ.

ನಾನಾಗಿದ್ದರೆ ಹೆರಿಗೆ ಆಗಿ, ಮಗು ದೊಡ್ಡದಾಗುವ ತನಕ ಆ ಬಾಗಿಲಿನ ತಂಟೆಗೇ ಹೋಗುತ್ತಿರಲಿಲ್ಲ.

ಪ್ರಶ್ನೆ: ಮೈಯ ವಿಷ ತೆಗೆಯಲು ಸಂತೆಯಲ್ಲಿ ನಾಗಭಸ್ಮ ಕೊಟ್ಟಿದ್ದಾರೆ. ತಿನ್ನಬಹುದಾ? (ವಿಜಯಪುರ)

ಉತ್ತರ: ನಾಗ ಅಂದರೆ ಸೀಸ ಕಣ್ರೀ! ಕೊಟ್ಟವನಿಗೇ ವಾಪಸ್ ಕೊಡಿ.

ಪ್ರಶ್ನೆ: ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆ, ಚಳಿಗೆ ಕಿಟಕಿ ಮುಚ್ಚುತ್ತೇವೆ. ಸ್ನಾನ ಮುಗಿಯುವಷ್ಟರಲ್ಲಿ ತಲೆ ಸುತ್ತುತ್ತದೆ, ಪಿತ್ತವೇ? (ಬೆಳಗಾವಿ)

ಉತ್ತರ: ಪಿತ್ತ ಅಲ್ಲ, ಗ್ಯಾಸ್ ಉರಿಯುವಾಗ ಬರುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ. ಇವತ್ತೇ ಗೀಸರ್ ಬಂದ್ ಮಾಡಿ, ಬಚ್ಚಲಿನ ಹೊರಗೆ ಗಾಳಿಯಾಡುವ ಕಡೆ ಕೂರಿಸಿದ ಮೇಲೆ ಹಚ್ಚಿ.